ನನ್ನ ರಕ್ತವೇ ಅಳತೆಗೋಲು

ನನಗೆ ಸಿಟ್ಟು ಬರಿಸುವುದಕ್ಕೆಂದೇ ಜನ ಬೆಳಿಗ್ಗೆ ಎದ್ದು ಬಸ್ಸು ಹತ್ತುತ್ತಾರೆ ಎಂದು ಎಷ್ಟೋ ಸಲ ಅನಿಸಿದೆ. ಎಂಬತ್ತರ ದಶಕದಲ್ಲಿ ಹೊನ್ನಾವರದ ಒಂದು ದವಾಖಾನೆಯ ಹಿಂದಿನ ಕೋಣೆಯಲ್ಲಿ ನನ್ನ ಲ್ಯಾಬು. ಭಟ್ಕಳ, ಕುಮಟೆಯ ಕಡೆಯವರೂ ರಕ್ತ ಕೊಡಲು ಅಲ್ಲಿಗೇ ಬರುತ್ತಿದ್ದರು. ಲಿವರ್ ಪರೀಕ್ಷೆಯ ಕೆಮಿಕಲ್ಲು ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿತ್ತು. ದಾರಿಯಲ್ಲಿ ಕೆಟ್ಟಿದೆಯೋ ಎಂದು ನೋಡಲು ಮೊದಲು ನನ್ನದೇ ರಕ್ತ ತೆಗೆದು ಪರೀಕ್ಷಿಸುತ್ತಿದ್ದೆ. ನನ್ನದು ಸರಿ ಬಂದರೆ ಬಾಟಲಿ ಸರಿ. ಮೂರು ತಾಲೂಕಿನ ಆರೋಗ್ಯಕ್ಕೆ ನಾನೇ ಅಳತೆಗೋಲು ಎಂಬ ಜಂಬವೂ ಇತ್ತು, ಸುಳ್ಳು ಯಾಕೆ ಹೇಳಲಿ.

೧. ಕೆಂಪು

ಮಾವಳ್ಳಿಯ ಒಬ್ಬ ಮೀನುಗಾರನಿಗೆ ಕ್ಷಯ. ಏಪ್ರಿಲಿನಲ್ಲಿ ಮಾತ್ರೆ ಶುರುವಾಯಿತು. ಮಳೆಯ ಜೋರು ಇಳಿದು ಆಗಸ್ಟಿನಲ್ಲಿ ದೋಣಿ ಕಡಲಿಗಿಳಿಯುವ ಹೊತ್ತಿಗೆ, ಕೆಲಸಕ್ಕೆ ಅಡ್ಡಿಯಿಲ್ಲ ಎಂಬ ಡಾಕ್ಟರ ಚೀಟಿ ತರದಿದ್ದರೆ ಅವನ ಜಾಗಕ್ಕೆ ಬೇರೆಯವನು ಎಂದು ದೋಣಿಯ ಯಜಮಾನ ಖಡಾಖಂಡಿತ ಹೇಳಿದ್ದ.

ಎಂಟನೇ ದಿನಕ್ಕೆ ಅವನ ಹೆಂಡತಿ ಬಂದಳು. ನಾನು ಡಾಕ್ಟರಲ್ಲ ಎಂದು ಎಷ್ಟು ಹೇಳಿದರೂ ಅವಳಿಗೆ ನಾನು ಸಣ್ಣ ಡಾಕ್ಟರೇ.

"ಸಣ್ಣ ಡಾಕ್ಟ್ರೇ, ಇವ್ರಿಗೆ ಮೂತ್ರದಾಗೆ ರಕ್ತ ಹೋಗ್ತದೆ."

"ರಕ್ತ ಅಲ್ಲ, ಆ ಕ್ಯಾಪ್ಸೂಲಿನ ಬಣ್ಣ. ಕೆಂಪಗೆ ಹೋಗ್ತದೆ ಅಂತ ಡಾಕ್ಟರು ಹೇಳ್ಲಿಲ್ವಾ?"

"ಇಲ್ಲ."

ದೊಡ್ಡ ಡಾಕ್ಟರ ಮೇಲೆ ಮೈಯೆಲ್ಲ ಉರಿಯಿತು. ಎರಡು ಮಾತು ಹೇಳಿದರೆ ಅವರ ಬಾಯಿ ಸವೆಯುತ್ತಿತ್ತೇ?

"ಈಗ ಕ್ಯಾಪ್ಸೂಲು ಎಲ್ಲಿ?"

"ಹೊಳೆಗೆ ಹಾಕಿದೆ."

"ಎಲ್ಲಾನೂ?"

"ಎಲ್ಲಾನೂ. ಎರಡು ದಿನ ಆ ಬದಿಗೆ ಬಲೆ ಬೀಸಬೇಡಿ ಅಂತ ಊರವ್ರಿಗೂ ಹೇಳಿಯೇ ಬಂದದ್ದು."

೨. ಒಂದೇ ಮಡಕೆ

ಬೈದು ಹೊಸ ಕ್ಯಾಪ್ಸೂಲು ಕೊಡಿಸಿ ಕಳಿಸಿದ್ದೆ. ಈ ಕ್ಷಯದ ಮಾತ್ರೆ ಕೆಲವರ ಲಿವರಿಗೆ ತಾಗುತ್ತದೆ. ಹಾಗಾಗಿ ತಿಂಗಳಿಗೊಮ್ಮೆ ರಕ್ತ ನೋಡಬೇಕು. ಮೊದಲ ತಿಂಗಳ ಪರೀಕ್ಷೆಗೆ ಹೆಂಡತಿ ಒಬ್ಬಳೇ ಬಂದಳು.

"ಗಂಡ ಎಲ್ಲಿ?"

"ಮಂಕಿಯಲ್ಲಿ ಬಸ್ಸು ನಿಂತದ್ದೇ ಇಳಿದು ಓಡಿದ್ರು. ಸೂಜಿ ಅಂದ್ರೆ ಹೆದ್ರಿಕೆ."

ಆಳೆತ್ತರದ ತೆರೆಗೆ ಹೆದರದ ಗಂಡಸು. ನಾನು ಬಾಯಿ ತೆರೆಯುವ ಮೊದಲೇ ಅವಳು ಬಳೆ ಮೇಲಕ್ಕೆ ಸರಿಸಿ ಕೈ ಚಾಚಿದಳು. "ನಂದೇ ತಗಳಿ."

"ನಿನ್ನ ರಕ್ತದಲ್ಲಿ ಅವನ ಲಿವರ್ ಕಾಣ್ತದಾ?"

"ಒಂದೇ ಮಡಕೆ ಗಂಜಿ ಉಂಬುದು ಅಲ್ದಾ?"

ಹೊರಗೆ ಬೆಂಚಿನಲ್ಲಿ ಕೂತವರು ಎದ್ದು ನಿಲ್ಲುವಷ್ಟು ಜೋರಾಗಿ ಬೈದೆ. ಅವಳು ಕೈ ಹಿಂದಕ್ಕೆ ತೆಗೆಯಲೇ ಇಲ್ಲ.

"ಬೈದು ಆತಾ? ಹಂಗಾರೆ ಒಂಚೂರು ತೆಗೀರಿ. ಅಷ್ಟು ದೂರದಿಂದ ಬಂದದ್ದು ದಂಡ ಆಗುದು ಬೇಡ."

೩. ಫಸ್ಟ್ ಕ್ಲಾಸು

ಓದಿದವರ ಕಾಟ ಇನ್ನೊಂದು ಬಗೆ. ಕುಮಟೆಯ ಒಬ್ಬ ಮಾಸ್ತರರು ಗಂಟುನೋವಿನ ಮಾತ್ರೆ ನುಂಗಿ ನುಂಗಿ ಲಿವರ್ ಕೆಡಿಸಿಕೊಂಡಿದ್ದರು. ಲಿವರಿನ ಅಂಕೆ ನಲವತ್ತರೊಳಗೆ ಇರಬೇಕು, ಆದರೆ ರಿಪೋರ್ಟಿನಲ್ಲಿ ಬರೀ ನಲವತ್ತು ಎಂದು ಅಚ್ಚಾಗಿರುತ್ತಿತ್ತು. ಅವರದು ತೊಂಬತ್ತೆರಡು. ರಿಪೋರ್ಟು ಒಯ್ದವರು ಡಾಕ್ಟರಿಗೆ ತೋರಿಸದೆ ಮನೆಗೆ ಹೋಗಿ, ಮರುದಿನ ಪೇಡೆ ಪೆಟ್ಟಿಗೆ ಹಿಡಿದು ಬಂದರು.

"ನಲವತ್ತಕ್ಕೆ ಪಾಸು. ನನಗೆ ತೊಂಬತ್ತೆರಡು ಬಿದ್ದಿದೆ."

"ಮಾಸ್ತರ್ರೇ, ಇದು ಏರಿದಷ್ಟೂ ಕೆಟ್ಟದ್ದು."

ಅವರು ಕನ್ನಡಕ ಏರಿಸಿ ರಿಪೋರ್ಟನ್ನು ಇನ್ನೊಮ್ಮೆ ನೋಡಿದರು. "ಹಾಗಾದರೆ ನಿಮ್ಮ ಪದ್ಧತಿಯೇ ತಪ್ಪು," ಎಂದು ಪೇಡೆ ಪೆಟ್ಟಿಗೆ ವಾಪಸ್ಸು ತೆಗೆದುಕೊಂಡು ಹೋದರು.

೪. ಭಟ್ಕಳದ ಪುಡಿ

ಜೂನಿನಲ್ಲಿ ಮೀನುಗಾರನನ್ನು ಹೆಂಡತಿ ರಟ್ಟೆ ಹಿಡಿದೇ ಕರೆತಂದಳು. ರಕ್ತದಲ್ಲಿ ನೂರ ಅರವತ್ತು ಬಂತು. ಡಾಕ್ಟರು ಹೇಳಿದರು: "ಹದಿನೈದು ದಿನ ಮಾತ್ರೆ ನಿಲ್ಲಿಸಿ ಮತ್ತೆ ಶುರು ಮಾಡುವ. ಜುಲೈ ಕೊನೆಗೆ ಇನ್ನೊಮ್ಮೆ ನೋಡುವ. ಆಗಲೂ ಏರಿದ್ದರೆ ಈ ವರ್ಷ ದೋಣಿ ಮರೆತುಬಿಡು." ಅವನು ಅಲ್ಲೇ ನೆಲದ ಮೇಲೆ ಕುಕ್ಕರಿಸಿದ.

"ಮಾತ್ರೆ ಬಿಟ್ಟು ಬೇರೆ ಎಂತ ತಿಂತಾನೆ?" ಎಂದು ನಾನು ಕೇಳಿದೆ.

ಅವಳು ಸೆರಗಿನಿಂದ ಒಂದು ಪೊಟ್ಟಣ ತೆಗೆದಳು. ಮಾತ್ರೆಯ ಉಷ್ಣಕ್ಕೆಂದು ಭಟ್ಕಳದ ಬಸ್‌ಸ್ಟ್ಯಾಂಡಿನ ಹತ್ತಿರ ಛತ್ರಿಯಡಿ ಕೂತು ಮಾರುವವನಿಂದ ತಂದ ಪುಡಿಯಂತೆ. ಉಷ್ಣ, ವಾಯು, ಸೊಂಟನೋವು, ಮಕ್ಕಳಾಗದಿರುವುದು, ಎಲ್ಲಕ್ಕೂ ಅದೊಂದೇ ಎಂದು ಮೇಲೆ ಬರೆದಿತ್ತು. ನನಗೆ ರಕ್ತ ತಲೆಗೇರಿತು. ಪೊಟ್ಟಣ ಕಸಿದು ನನ್ನ ಮೇಜಿನ ಡ್ರಾವರಿಗೆ ಎಸೆದೆ.

"ಹೊಟ್ಟೆಗೆ ಹಾಕುವ ಮೊದಲು ಒಂದು ಮಾತು ಕೇಳಲಿಕ್ಕೆ ಆಗಲಿಲ್ವಾ? ಗಂಡನನ್ನು ಕೊಲ್ತೀಯಾ?"

ಅವಳ ಕಣ್ಣು ತುಂಬಿತು. ಪಾಪ ಅನಿಸಿತು. ಹಾಗಂತ ಬೈಯುವುದನ್ನು ಅರ್ಧಕ್ಕೆ ಬಿಡುವ ಅಭ್ಯಾಸ ನನಗಿಲ್ಲ, ಪೂರ್ತಿ ಬೈದೇ ಕಳಿಸಿದೆ.

೫. ಬಾಟಲಿ

ಜುಲೈ ಕೊನೆಗೆ ಮೀನುಗಾರನ ರಕ್ತ ತೆಗೆಯುವ ದಿನವೇ ಹೊಸ ಬಾಟಲಿ ಬಂತು. ರೂಢಿಯಂತೆ ಮೊದಲು ನನ್ನ ರಕ್ತ ಹಾಕಿದೆ. ನೂರ ನಲವತ್ತೆಂಟು. ಬಾಟಲಿ ಕೆಟ್ಟಿದೆ ಎಂದು ಗಂಡ ಹೆಂಡತಿಯನ್ನು ವಾಪಸ್ಸು ಕಳಿಸಿ, ಹುಬ್ಬಳ್ಳಿಯವರಿಗೆ ಎರಡು ಪುಟ ಬೈದು ಕಾಗದ ಬರೆದೆ. ವಾರ ಬಿಟ್ಟು ಇನ್ನೊಂದು ಬಂತು. ನೂರ ಐವತ್ತು. ಮತ್ತೊಂದು ಕಾಗದಕ್ಕೆ ಪೆನ್ನು ಎತ್ತಿದೆ.

ಅಷ್ಟರಲ್ಲಿ ಗಂಡ ಹೆಂಡತಿ ಮೂರನೇ ಸಲ ಬಂದು ಕೂತಿದ್ದರು. "ನಾಡಿದ್ದು ದೋಣಿ ಇಳಿತದೆ ಸಣ್ಣ ಡಾಕ್ಟ್ರೇ. ಚೀಟಿ ಇಲ್ದಿದ್ರೆ ಇವ್ರ ಜಾಗ ಹೋತು," ಎಂದಳು ಅವಳು.

"ಬಾಟಲಿಯೇ ಸರಿ ಇಲ್ಲ ಅಂದ್ರೆ ನಾನೆಂತ ಮಾಡ್ಲಿ?" ಎಂದು ಹಾರಾಡಿದೆ.

ಗಲಾಟೆ ಕೇಳಿ ಡಾಕ್ಟರು ಒಳಗೆ ಬಂದರು. "ಅದೇ ಬಾಟಲಿಯಲ್ಲಿ ಅವನದೂ ಹಾಕಿ ನೋಡು."

ಹಾಕಿದೆ. ಮೀನುಗಾರನದು ಮೂವತ್ತೊಂದು.

ಡಾಕ್ಟರು ಅವನ ಚೀಟಿ ಬರೆದರು. ಆಮೇಲೆ ನಿಧಾನಕ್ಕೆ ನನ್ನ ಕಡೆ ತಿರುಗಿದರು. "ನೀನು ಎಂತ ತಿಂತಾ ಇದ್ದೀ?"

"ಏನೂ ಇಲ್ಲ ಸರ್."

"ಸಣ್ಣ ಡಾಕ್ಟ್ರೇ," ಎಂದಳು ಅವಳು, "ನಮ್ಮ ಪುಡಿ ಪೊಟ್ಟಣ ಎಲ್ಲದೆ?"

ಡಾಕ್ಟರು ಡ್ರಾವರು ಎಳೆದರು. ಪೊಟ್ಟಣದ ತಳದಲ್ಲಿ ಒಂದು ಚಿಟಿಕೆ ಉಳಿದಿತ್ತು. ದಿನವಿಡೀ ಮೈಕ್ರೋಸ್ಕೋಪಿಗೆ ಬಗ್ಗಿ ನನಗೆ ಸೊಂಟನೋವು. ಸೊಂಟನೋವಿಗೂ ಆಗುತ್ತದೆ ಎಂದು ಅದರ ಮೇಲೆ ಬರೆದಿತ್ತಲ್ಲ.

"ಹೊಟ್ಟೆಗೆ ಹಾಕೂ ಮೊದ್ಲು ಒಂದು ಮಾತು ಕೇಳೂಕೆ ಆಗ್ಲಿಲ್ವಾ?" ಎಂದಳು. ನನಗೆ ಸಿಟ್ಟು ನೆತ್ತಿಗೇರಿತು, ಆದರೆ ಯಾರನ್ನು ಬೈಯುವುದೆಂದು ತಿಳಿಯಲಿಲ್ಲ.

ಅವಳು ಚೀಟಿಯನ್ನು ಸೆರಗಿಗೆ ಕಟ್ಟಿಕೊಂಡು ಗಂಡನನ್ನು ಮುಂದೆ ಕಳಿಸಿದಳು. ಬಾಗಿಲಲ್ಲಿ ನಿಂತು ತಿರುಗಿದಳು.

"ಇನ್ನು ಮುಂದೆ ಹೊಸ ಬಾಟಲಿ ಬಂದ್ರೆ ಹೇಳಿ ಕಳ್ಸಿ. ಇವ್ರನ್ನೇ ಹಿಡ್ಕಂಡು ಬರ್ತೆ. ಇವ್ರ ರಕ್ತ ಹಾಕಿ ನೋಡಿ, ನಿಮ್ಮದನ್ನ ನಂಬೂಕೆ ಆಗುದಿಲ್ಲ."