ಗೇಟಲ್ಲಿ ಲಾರಿ, ಗಿಡದಲ್ಲಿ ಮೊಗ್ಗು

"ಆ ಮನೆಯಲ್ಲಿ ಮಾತು ಶುರುವಾದರೆ ಒಲೆ ಮೇಲೆ ಹಾಲಿಡಬೇಡಿ, ಕೇಳುತ್ತ ನಿಂತು ಉಕ್ಕಿಸಿಬಿಡುತ್ತೀರಿ" ಎಂದು ನೆರೆಹೊರೆಯವರು ಹೇಳುತ್ತಿದ್ದರು. ಗಂಡ ಗಡಿಯಾರ ರಿಪೇರಿಯವನು, ಹೆಂಡತಿ ಬಟ್ಟೆ ಹೊಲಿಯುವವಳು. ಬಾಡಿಗೆ ಮನೆ ಬಿಡುವ ದಿನ ಬಂತು. ಸಾಮಾನೆಲ್ಲ ಲಾರಿ ಸೇರಿತು. ಹೆಂಡತಿ ಮಾತ್ರ ಗೋಡೆ ಬದಿಯ ಹೂಗಿಡದ ಪಾತಿಯ ಮುಂದೆ ಗುದ್ದಲಿ ಹಿಡಿದು ಕೂತುಬಿಟ್ಟಿದ್ದಳು.

ಗಂಡ: ಏಳೇ ಮಾರಾಯ್ತಿ! ಲಾರಿಯವನು ಮೂರು ಸಲ ಹಾರನ್ ಹೊಡೆದ.

ಹೆಂಡತಿ: ಹೊಡೀಲಿ. ಬೀಜದಿಂದ ಎರಡು ವರ್ಷ ಸಾಕಿದ್ದೀನಿ, ಈಗಷ್ಟೇ ಮೊಗ್ಗು ಬಂದಿದೆ. ಅಗೆದುಕೊಂಡೇ ಬರೋದು.

ಗಂಡ: ಹೊಸ ಮನೆ ಇರೋದು ಮೂರನೇ ಮಹಡೀಲಿ. ಬಾಲ್ಕನೀಲಿ ಒಂದು ಟವೆಲ್ ಹಾಸಿದರೆ ಜಾಗ ಮುಗೀತು. ಗಿಡ ಇಲ್ಲೇ ಇರಲಿ ಬಿಡು.

ಹೆಂಡತಿ: ಟವೆಲ್ ಒಳಗೆ ಹಾಸ್ಕೊಳ್ಳಿ.

ಗಂಡ: ನಾನು ಪಟ್ಟ ಪಾಡು ಸಾಲದಾ? ಬೀಜಕ್ಕೆ ಆರು ವಾರ ಚಳಿ ಬೇಕು ಅಂತ ನೀನು ಫ್ರಿಜ್ಜಿನಲ್ಲಿ ಮಲಗಿಸಿದೆ. ನನ್ನ ಐಸ್‌ಕ್ರೀಮು ಹೊರಗೆ ನಿಂತು ನೀರಾಯ್ತು.

ಹೆಂಡತಿ: ಚಳಿ ಕಾಣದೆ ಅದು ಮೊಳೆಯೋದಿಲ್ಲ. ಆಮೇಲೆ, ಮೊಳೆತದ್ದನ್ನ ಕಳೆ ಅಂತ ಅರ್ಧಕ್ಕರ್ಧ ಕಿತ್ತು ಬಿಸಾಕಿದ ಮಹಾನುಭಾವರು ಯಾರು?

ಗಂಡ: ಮೊದಲನೇ ವರ್ಷ ಬರೀ ಎಲೆ! ಹೂವಿಲ್ಲದೆ ನನಗೆ ಹೇಗೆ ಗೊತ್ತಾಗಬೇಕು?

ಹೆಂಡತಿ: ಬರೋ ಬಾಡಿಗೆಯವರಿಗೂ ಗೊತ್ತಾಗಲ್ಲ. ಒಂದು ಸಲ ಬೇರೂರಿದರೆ ವರ್ಷಾ ವರ್ಷಾ ಹೂ ಬಿಡೋ ಗಿಡ ಇದು. ಕಿತ್ತು ಮೂಲೆಗೆಸೀತಾರೆ.

ಲಾರಿ ಡ್ರೈವರು ಗೇಟಿನಿಂದ ತಲೆ ಹಾಕಿದ.

ಡ್ರೈವರ್: ಅಮ್ಮಾ, ಗಿಡಾನೂ ಏರಿಸೋದಾ? ಬೀರು ಮೇಲೆ ಮಂಚ, ಮಂಚದ ಮೇಲೆ ನಿಮ್ಮ ಮಿಷನ್ನು. ಇನ್ನು ಜಾಗ ಇರೋದು ನನ್ನ ತೊಡೆ ಮೇಲೆ.

ಗಂಡ ಸಿಡುಕುತ್ತಲೇ ಬಗ್ಗಿದ. ಜೇಬಿನಿಂದ ಗಡಿಯಾರ ನೋಡುವ ಭೂತಗನ್ನಡಿ ತೆಗೆದು ಕಣ್ಣಿಗೆ ಸಿಕ್ಕಿಸಿಕೊಂಡ.

ಗಂಡ: ಎಲ್ಲಿ, ಅಂಥಾದ್ದೇನಿದೆ ನಿನ್ನ ಮೊಗ್ಗಲ್ಲಿ... ಲೇ! ಈ ಮೂಲೇಲಿ ಒಂದು ಬಿರಿದಿದೆ ಕಣೇ!

ಹೆಂಡತಿ: ಯಾವ ಬಣ್ಣ? ಬೀಜದ ಪೊಟ್ಟಣದ ಮೇಲೆ ನೀಲಿ ಅಂತಿತ್ತು.

ಗಂಡ: ನೀಲೀನೇ. ಅಚ್ಚ ನೀಲಿ. ಶ್! ಜೇನ್ನೊಣ. ಕಾಲಿಗೆ ಹಳದಿ ಗಂಟು ಕಟ್ಕೊಂಡು ಒಳಗೇ ನುಗ್ಗಿತು!

ಹೆಂಡತಿ: ಪಕ್ಕಕ್ಕೆ ಸರೀರಿ, ನಾನೂ ನೋಡ್ಬೇಕು.

ಗಂಡ: ಇರೇ, ನಂದಿನ್ನೂ ಮುಗಿದಿಲ್ಲ.

ಅವಳು ಭೂತಗನ್ನಡಿ ಕಿತ್ತುಕೊಂಡಳು. ನೋಡಿದಳು. ಗುದ್ದಲಿ ಪಕ್ಕಕ್ಕಿಟ್ಟು ಇನ್ನೂ ಹತ್ತಿರಕ್ಕೆ ಬಗ್ಗಿದಳು.

ಗಂಡ: ಗುದ್ದಲಿ ಕೊಡೇ ಇಲ್ಲಿ, ನಾನೇ ಅಗೀತೀನಿ. ಡ್ರೈವರಣ್ಣ, ಮಂಚ ಇಳಿಸಪ್ಪ!

ಹೆಂಡತಿ: ಮುಟ್ಟಿದರೆ ನೋಡಿ ಮತ್ತೆ! ಹೂ ಬಿಡೋ ಹೊತ್ತಲ್ಲಿ ಬೇರು ಕದಲಿಸಿದರೆ ಬಾಡಿಹೋಗುತ್ತೆ. ಪಾಪ, ಆ ನೊಣ ನಾಳೆ ಬಂದು ಎಲ್ಲಿ ಹುಡುಕಬೇಕು? ಇಲ್ಲೇ ಇರಲಿ.

ಗಂಡ: ಬೆಳಗ್ಗಿನಿಂದ ನಾನು ಹೇಳಿದ್ದೇ ಅದಲ್ವಾ?

ಹೆಂಡತಿ: ನೀವು ಹೇಳಿದ್ದು ಟವೆಲ್ ಸಮಾಚಾರ.

ಕೈ ಕೊಡವಿಕೊಂಡು ಅವಳು ಲಾರಿ ಹತ್ತಿ ಕೂತಳು. ಗಂಡ ಬರಲಿಲ್ಲ. ರಟ್ಟಿನ ಪೆಟ್ಟಿಗೆಯ ಮುಚ್ಚಳ ಹರಿದು, ಏನೋ ಗೀಚಿ, ಕೋಲಿಗೆ ಕಟ್ಟಿ ಪಾತಿಯಲ್ಲಿ ನೆಟ್ಟ. ಆಮೇಲೆ ಹೊರಗೆ ಬಂದು ಕೊನೆಯ ಸಲ ಗೇಟಿನ ಚಿಲಕ ಹಾಕಿದ. ಅವಳು ಲಾರಿ ಕಿಟಕಿಯಿಂದ ಕತ್ತು ಚಾಚಿ ಓದಿದಳು.

ಹೆಂಡತಿ: 'ಇದು ಕಳೆಯಲ್ಲ. ಕಿತ್ತರೆ ಕೈ ಮುರಿಯುತ್ತೇನೆ.' ಕರ್ಮ! ಹೀಗಾ ಬರೆಯೋದು?

ಗಂಡ: ನನ್ನಂಥವರಿಗೆ ನಯವಾಗಿ ಹೇಳಿದರೆ ತಲೆಗೆ ಹೋಗಲ್ಲ.

ಹೆಂಡತಿ: ಕೆಳಗೆ ನಮ್ಮ ಹೊಸ ವಿಳಾಸ ಬೇರೆ! ಪೊಲೀಸರಿಗೆ ಹುಡುಕೋಕೆ ಸುಲಭ ಆಗಲಿ ಅಂತಾನಾ?

ಗಂಡ: ಬೀಜ ಕಟ್ಟಿದಾಗ ಒಂದು ಹಿಡಿ ಕಳಿಸಲಿ ಅಂತ.