ಒಂಬತ್ತನೇ ಸಿಗ್ನಲ್

ನವೀನ್‌ಕುಮಾರ್ ಮಾಡಿದ ತಪ್ಪು ಬಹಳ ಚಿಕ್ಕದು. ನಾಳೆ ಬೆಳಗ್ಗೆ ಊರಿಗೆ ಕೇಳಿಸಬೇಕಾಗಿದ್ದ ಪ್ರಕಟಣೆಯನ್ನು ಇವತ್ತು ಬೆಳಗ್ಗೆಯೇ ಹಚ್ಚಿಬಿಟ್ಟಿದ್ದ, ಅಷ್ಟೆ.

ನಂದಗುಡಿಯ ಆಚೆಗಿರುವ ಹಾಲಗುಂಟೆಯ ಹಾಲಿನ ಡೈರಿಯಲ್ಲಿ ಅವನು ಹಂಗಾಮಿ ಕಂಪ್ಯೂಟರ್ ಆಪರೇಟರ್. ಅವತ್ತು ಆಡಳಿತ ಮಂಡಳಿ ಸೇರಿ ಅವನ ಕೆಲಸ ಕಾಯಂ ಮಾಡುವುದೋ ಬೇಡವೋ ತೀರ್ಮಾನಿಸುವುದಿತ್ತು. ಮೂರು ವರ್ಷ ಕಾದಿದ್ದ. ಆದರೂ ಕಾಯಂ ಆಗುವುದರಲ್ಲಿ ಅವನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಯಾವುದರಲ್ಲೂ ಅನುಮಾನವೇ ಬಾರದಿರುವುದು ಅವನ ಹುಟ್ಟುಗುಣ.

ಏಳು ಗಂಟೆಗೆ ಸರಿಯಾಗಿ ಅರಳಿಮರಕ್ಕೆ ಕಟ್ಟಿದ್ದ ಧ್ವನಿವರ್ಧಕದ ಹಾರ್ನಿನಿಂದ ಅಧ್ಯಕ್ಷ ಚಿಕ್ಕಬೀರಪ್ಪನವರ ರೆಕಾರ್ಡಾದ ದನಿ ಹೊರಟಿತು. “ಇಂದು ನಮ್ಮ ಡೈರಿ ಅಂಗಳಕ್ಕೆ ಪಶುವೈದ್ಯರು ಬರುತ್ತಿದ್ದಾರೆ. ರೈತ ಬಾಂಧವರೆಲ್ಲ ತಮ್ಮ ದನಕರುಗಳೊಂದಿಗೆ ತಕ್ಷಣ ಬರತಕ್ಕದ್ದು.” ಐದೈದು ನಿಮಿಷಕ್ಕೊಮ್ಮೆ ಅದೇ ಮಾತು. ನಾಲ್ಕನೇ ಸಲ ಕೂಗುವ ಹೊತ್ತಿಗೆ ಅಂಗಳದಲ್ಲಿ ಮೂವತ್ತು ಹಸು, ಎಂಟು ಎಮ್ಮೆ, ಲೆಕ್ಕವಿಲ್ಲದಷ್ಟು ಸಗಣಿ.

ಪಿಳ್ಳಮ್ಮಜ್ಜಿ ಹಗ್ಗ ಹಿಡಿದುಕೊಂಡೇ ಕಿಟಕಿಗೆ ಬಂದಳು. “ಡಾಕ್ಟ್ರು ಎಲ್ಲಪ್ಪಾ?”

“ಡಾಕ್ಟ್ರು ನಾಳೆ, ಅಜ್ಜಿ.”

“ನಾಳೆ ಬರೋ ಡಾಕ್ಟ್ರಿಗೆ ಇವತ್ಯಾಕಪ್ಪಾ ಹಿಂಗೆ ಬಡ್ಕೊಂತಾ ಇದೀಯ?”

ನವೀನ್ ನಕ್ಕು, ಕಂಪ್ಯೂಟರಿನ ಕಪ್ಪು ಪರದೆಯ ಮುಂದೆ ಕುಳಿತು, ಓಡುತ್ತಿರುವ ಪ್ರೋಗ್ರಾಮನ್ನು ನಿಲ್ಲಿಸುವ ಕಂಟ್ರೋಲ್ ಸಿ ಒತ್ತಿದ. ಏನೂ ಆಗಲಿಲ್ಲ. ಮತ್ತೆ ಒತ್ತಿದ. ಆಗ ನೆನಪಾಯಿತು. ಹಾಲು ಪರೀಕ್ಷೆ ಮಾಡುವ ಮುನಿಸ್ವಾಮಿ ಅಧ್ಯಕ್ಷರ ದನಿ ತಾಳಲಾರದೆ ಆ ಎರಡು ಕೀ ಒತ್ತುವುದನ್ನು ಕಲಿತುಬಿಟ್ಟಿದ್ದ. ಪ್ರಕಟಣೆ ಅರ್ಧಕ್ಕೇ ನಿಲ್ಲುತ್ತಿತ್ತು. ಅದಕ್ಕೆ ನವೀನ್ ಹೋದ ತಿಂಗಳು ಪ್ರಕಟಣೆ ಕೂಗಿಸುವ ಸ್ಕ್ರಿಪ್ಟಿನ ತಲೆಯಲ್ಲಿ ‘ಟ್ರ್ಯಾಪ್’ ಎಂಬ ಒಂದು ಸಾಲು ಬರೆದು, ಯಾರು ನಿಲ್ಲು ಅಂದರೂ ಕಿವಿಗೆ ಹಾಕಿಕೊಳ್ಳಬೇಡ ಎಂದು ಪ್ರೋಗ್ರಾಮಿಗೆ ಪಾಠ ಹೇಳಿದ್ದ. ಪಾಠ ಹೇಳಿದವನ ಮಾತನ್ನೂ ಅದು ಈಗ ಕೇಳುತ್ತಿರಲಿಲ್ಲ.

“ಕರೆಂಟ್ ತೆಗ್ದುಬಿಡು ಗುರು,” ಎಂದ ಮುನಿಸ್ವಾಮಿ.

“ಬೆಳಗ್ಗೆ ಅಳ್ದಿರೋ ನೂರೆಂಟು ಮನೆ ಹಾಲಿನ ವಿವರ ಎಲ್ಲಾ ಇದ್ರಲ್ಲೇ ಐತೆ, ಇನ್ನೂ ಸೇವ್ ಆಗಿಲ್ಲ. ಅದೂ ಹೋಗ್ತದೆ.”

ಆಂಪ್ಲಿಫೈಯರ್ ಕಬ್ಬಿಣದ ಕಪಾಟಿನೊಳಗಿತ್ತು, ಕಪಾಟಿನ ಕೀಲಿ ಅಧ್ಯಕ್ಷರ ಜೇಬಿನಲ್ಲಿತ್ತು, ಅಧ್ಯಕ್ಷರು ಹೊಸಕೋಟೆಯಲ್ಲಿದ್ದರು. ಅವರೇ ಫೋನ್ ಮಾಡಿದರು.

“ಏನಪ್ಪಾ ಇದು? ನಾನಿಲ್ಲಿ ಇಡ್ಲಿ ತಿಂತಾ ಇದ್ರೆ ಅಲ್ಲಿ ನನ್ ಗಂಟಲು ಊರಿನ ದನ ಎಲ್ಲಾ ಅಟ್ತಾ ಐತಂತೆ! ಅರ್ಧ ಗಂಟೇಲಿ ಬರ್ತೀನಿ. ಅಷ್ಟ್ರಲ್ಲಿ ನಿಲ್ಸಿಲ್ಲಾ ಅಂದ್ರೆ ಕಾಯಂ ಗೀಯಂ ಎಲ್ಲಾ ಮರ್ತ್ಬುಡು.”

“ಎರಡು ನಿಮಿಷ ಸಾರ್,” ಎಂದ ನವೀನ್.

ವಿಂಡೋವನ್ನೇ ಮುಚ್ಚಿ ನೋಡಿದ. ಪ್ರೋಗ್ರಾಮು ಒಳಗೊಳಗೇ ಓಡುತ್ತಿತ್ತು. ಇನ್ನೊಂದು ವಿಂಡೋ ತೆಗೆದು ‘ಕಿಲ್’ ಎಂಬ ಆಜ್ಞೆ ಕೊಟ್ಟ. ಅದಕ್ಕೂ ಕಿವುಡಾಗಿರು ಎಂದು ತಾನೇ ಬರೆದಿದ್ದ. ಅಷ್ಟರಲ್ಲಿ ಐದು ನಿಮಿಷ ತುಂಬಿ ಹಾರ್ನು ಮತ್ತೆ ಕೂಗಿತು. ಹೊರಗೆ ಮಂಡಳಿಯ ಸದಸ್ಯರೂ ತಮ್ಮ ತಮ್ಮ ಹಸು ಹೊಡೆದುಕೊಂಡು ಬಂದು ನಿಂತಿದ್ದರು.

ಕೂಗು ಮುಗಿದ ಮೇಲೆ ಮುನಿಸ್ವಾಮಿ ಬಾಯಿಂದ ಕೈ ತೆಗೆದ. ಪ್ರಕಟಣೆ ಶುರುವಾಗುವಾಗ ಪ್ರೋಗ್ರಾಮೇ ಆಂಪ್ಲಿಫೈಯರ್ ಆನ್ ಮಾಡಿ, ಮುಗಿದೊಡನೆ ಆಫ್ ಮಾಡುತ್ತಿತ್ತು. ಆನ್ ಇದ್ದಷ್ಟು ಹೊತ್ತು ಮೇಜಿನ ಮೇಲಿನ ಮೈಕಿಗೂ ಜೀವ ಬರುತ್ತಿದ್ದುದರಿಂದ ಕೋಣೆಯಲ್ಲಿದ್ದವರು ಉಸಿರೆತ್ತುವಂತಿರಲಿಲ್ಲ.

“ಇನ್ನೇನೂ ದಾರಿ ಇಲ್ವಾ ಗುರು?”

“ಒಂದೈತೆ. ಒಂಬತ್ತನೇ ಸಿಗ್ನಲ್. ಕಂಟ್ರೋಲ್ ಸಿ ಅಂದ್ರೆ ಭುಜ ತಟ್ಟಿ, ಸಾಕು ನಿಲ್ಲಪ್ಪಾ ಅನ್ನೋದು. ಕೇಳಿದ್ರೆ ಕೇಳ್ತು, ಇಲ್ಲಾಂದ್ರೆ ಇಲ್ಲ. ಒಂಬತ್ತು ಅಂದ್ರೆ ಕತ್ತಿನ ಪಟ್ಟಿ ಹಿಡ್ದು ಆಚೆಗೆ! ಕೊನೇ ಮಾತು ಆಡಕ್ಕೂ ಬಿಡಲ್ಲ. ಅದನ್ನ ಯಾವ ಟ್ರ್ಯಾಪೂ ತಡಿಯಕ್ಕಾಗಲ್ಲ.”

ಮತ್ತೆ “ಇಂದು ನಮ್ಮ ಡೈರಿ ಅಂಗಳಕ್ಕೆ” ಎಂದು ಶುರುವಾಯಿತು. ನವೀನ್ ಕೀಲಿಮಣೆಯ ಮೇಲೆ ಬೆರಳು ಕುಟ್ಟಿ, ಒಂಬತ್ತನ್ನು ಹೊಡೆದು, ಎಂಟರ್ ಒತ್ತಿದ. ಪ್ರೋಗ್ರಾಮು ಅಲ್ಲೇ ಸತ್ತಿತು. ರೆಕಾರ್ಡು ನುಡಿಸುವುದು ಬೇರೆಯದೇ ಪ್ರೋಗ್ರಾಮಾದ್ದರಿಂದ, ಬಾಯಿಗೆ ಬಂದಿದ್ದ ಮಾತಷ್ಟನ್ನು ಹಾರ್ನು “ಬರತಕ್ಕದ್ದು” ಎಂಬಲ್ಲಿಗೆ ಮುಗಿಸಿತು. ಐದು ನಿಮಿಷ ಕಳೆಯಿತು, ಹತ್ತಾಯಿತು. ಮತ್ತೆ ಕೂಗಲಿಲ್ಲ. ಅಂಗಳದ ಗಲಾಟೆಗೆ ಬೇಸತ್ತು ನವೀನ್ ಬಾಗಿಲು, ಕಿಟಕಿ ಎರಡನ್ನೂ ಭದ್ರವಾಗಿ ಮುಚ್ಚಿದ. ತಮ್ಮ ಮಾತೂ ಹೊರಗೆ ಯಾರಿಗೂ ಕೇಳಿಸಬಾರದಲ್ಲ!

ಕುರ್ಚಿಗೆ ಒರಗಿ ಕಾಲು ಚಾಚಿದ.

“ಅಧ್ಯಕ್ಷರಿಗೆ ಏನ್ ಹೇಳ್ತೀಯ?” ಎಂದ ಮುನಿಸ್ವಾಮಿ.

“ವೈರಸ್ ಅಂತೀನಿ. ಅವ್ರಿಗೇನ್ ಗೊತ್ತಾಗ್ತದೆ? ಮೌಸ್ ಯಾವ ಕಡೆಯಿಂದ ಹಿಡ್ಕೊಬೇಕು ಅಂತಾನೇ ತಿಳೀದ ಮನುಷ್ಯ. ತಾರೀಕು ತಪ್ಪು ಹಾಕಿದ್ದು ನಾನೇ. ಆದ್ರೆ ಕಂಡುಹಿಡಿಯೋ ತಲೆ ಮಂಡಳೀಲಿ ಯಾರಿಗೂ ಇಲ್ಲ.”

“ಮೆತ್ಗೆ ಮಾತಾಡೋ!”

“ಯಾಕೆ ಹೆದ್ರಬೇಕು? ಅಧ್ಯಕ್ಷರ ಮನೆ ಹಾಲು ದಿನಾ ನೀನೇ ನೋಡ್ತೀಯಲ್ಲ, ಅದ್ರಲ್ಲಿ ಮೀನು ಸಾಕ್ಬೋದು!”

ಮುನಿಸ್ವಾಮಿ ಹೊಟ್ಟೆ ಹಿಡಿದುಕೊಂಡು ನಕ್ಕ. ಆಗ ಕಿಟಕಿ ಬಡಿದ ಸದ್ದಾಯಿತು. ತೆರೆದರೆ ಪಿಳ್ಳಮ್ಮಜ್ಜಿ.

“ಲೇ ಮಗಾ, ಆ ಮೀನಿನ ಮಾತು ಇನ್ನೊಂದ್ಸಲ ಹೇಳಪ್ಪಾ. ನನ್ ಸೊಸೆ ತೋಟದ ಹತ್ರ ಇದ್ಲು, ನಗೂನಲ್ಲಿ ಸರಿಯಾಗಿ ಕೇಳಿಸ್ಲಿಲ್ವಂತೆ.”

ನವೀನ್ ಥಟ್ಟನೆ ಮೇಜಿನ ಮೈಕಿನ ಕಡೆ ತಿರುಗಿದ. ಕೊನೇ ಮಾತು ಆಡಲೂ ಬಿಡದೆ ಕೊಂದ ಪ್ರೋಗ್ರಾಮು ಆಂಪ್ಲಿಫೈಯರನ್ನು ಆಫ್ ಮಾಡುವುದಾದರೂ ಹೇಗೆ?

“ಅಯ್ಯೋ, ಮೈಕ್ ಆನ್ ಇದೆ!” ಎಂದು ಚೀರಿದ. ಅದೂ ಅರಳಿಮರದಿಂದ ಇಡೀ ಊರಿಗೆ ಕೇಳಿಸಿತು.

ಬಾಗಿಲು ತೆರೆದಾಗ ಎದುರಿಗೇ ಚಿಕ್ಕಬೀರಪ್ಪನವರು, ಕೈಯಲ್ಲಿ ಕೀಲಿ. “ಆಗ್ಲೇ ಬಂದೆ ಕಣಪ್ಪಾ, ಆಫ್ ಮಾಡಣ ಅಂತ. ಸದಸ್ಯರು ಬಿಡ್ಲಿಲ್ಲ. ತಡೀರಿ, ಅವನು ಪೂರ್ತಿ ಮುಗಿಸ್ಲಿ ಅಂದ್ರು.”

ಹಿಂದೆ ಹಸುಗಳ ನಡುವೆ ನಿಂತಿದ್ದ ಸದಸ್ಯರು ಕಣ್ಣೊರೆಸಿಕೊಂಡು ನಗುತ್ತಿದ್ದರು. ವರ್ಷಗಳಿಂದ ಅಧ್ಯಕ್ಷರ ಆ ನೀರು ಹಾಲಿನ ವಿಷಯ ಬಾಯಿಬಿಟ್ಟು ಹೇಳಲಾರದೆ ಒದ್ದಾಡಿದವರು ಅವರು. ಸಭೆ ನಿಂತಲ್ಲೇ ಆಯಿತು. ಏಳು ಜನ ಹಗ್ಗ ಹಿಡಿದ ಕೈಯನ್ನೇ ಎತ್ತಿದರು. ಒಮ್ಮತದಿಂದ ಕಾಯಂ!

ನವೀನ್‌ಗೆ ನಂಬಲಾಗಲಿಲ್ಲ. ಕಣ್ಣು ತುಂಬಿ ಬಂತು. “ಸಾರ್, ಆದೇಶ...”

“ಆದೇಶಕ್ಕೆ ಅಧ್ಯಕ್ಷನ ಸಹಿ ಬೇಕಲ್ವೇನಪ್ಪಾ?” ಚಿಕ್ಕಬೀರಪ್ಪನವರು ಅವನ ಹೆಗಲ ಮೇಲೆ ಕೈಯಿಟ್ಟು ಬಹಳ ಮೃದುವಾಗಿ ಹೇಳಿದರು. “ಹಾಕ್ತೀನಿ. ಆದ್ರೆ ನಾನು ಏನೂ ತಿಳೀದ ಮನುಷ್ಯ ನೋಡು. ಪೆನ್ನು ಯಾವ ಕಡೆಯಿಂದ ಹಿಡ್ಕೊಬೇಕು ಅಂತ ಯಾರನ್ನಾದ್ರೂ ಕೇಳಿ ತಿಳ್ಕೊಂಡು, ಆಮೇಲೆ ಹಾಕ್ತೀನಿ.”

ಇದಾಗಿ ಎಂಟು ತಿಂಗಳಾಯಿತು. ಅವರು ಇನ್ನೂ ತಿಳಿದುಕೊಳ್ಳುತ್ತಲೇ ಇದ್ದಾರೆ.