ಪೆಟ್ರೋಲ್ ಬಂಕಿನಲ್ಲಿ ಬಿಟ್ಟುಹೋದ ಟೈಲರನ ನಿಮಿತ್ತ ಮೂರು ದಿನ ತಡವಾದ ಬಗ್ಗೆ

ಇಂದ:
ದ್ವಿತೀಯ ದರ್ಜೆ ಸಹಾಯಕ, ಮೀಟರು ಶಾಖೆ,
ನೀರು ಸರಬರಾಜು ಕಚೇರಿ (ಕಿಟಕಿ ಪಕ್ಕದ ಮೇಜು)

ಗೆ:
ಮಾನ್ಯ ಕಚೇರಿ ಅಧೀಕ್ಷಕರು,
ಅದೇ ಕಚೇರಿ, ಅದೇ ಮಹಡಿ

ವಿಷಯ: ಮಂಜೂರಾದ ಹದಿನಾಲ್ಕು ದಿನಗಳ ಮೇಲೆ ಮೂರು ದಿನ ಹೆಚ್ಚುವರಿ ಗೈರುಹಾಜರಾದುದನ್ನು ಸಕ್ರಮಗೊಳಿಸುವ ಕುರಿತು.

ಉಲ್ಲೇಖ: 1. ನನ್ನ ರಜೆ ಅರ್ಜಿ.
2. ಕಾರಣ ಕೇಳಿ ತಾವು ನೀಡಿದ ಜ್ಞಾಪನ.
3. ನಿನ್ನೆ ವರಾಂಡದಲ್ಲಿ ತಾವು ಮೌಖಿಕವಾಗಿ ಕೇಳಿದ "ಎಲ್ರೀ ಹಾಳಾಗಿ ಹೋಗಿದ್ರಿ?"

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಎಲ್ಲಿ ಹಾಳಾಗಿ ಹೋಗಿದ್ದೆ ಎಂಬುದನ್ನು ಈ ಕೆಳಕಂಡಂತೆ ನಿವೇದಿಸಿಕೊಳ್ಳುತ್ತೇನೆ.

1. ನಾವು ಒಂದೇ ಬೆಂಚಿನಲ್ಲಿ ಕೂತು ಓದಿದ ನಾಲ್ವರು. ಬಸ್ ಓಡಿಸುವ ಡ್ರೈವರ್; ಔಷಧಿ ಅಂಗಡಿ ಇಟ್ಟಿರುವ, ಗ್ಯಾಸಿನ ಗುಂಡಿಯನ್ನು ಮೂರು ಸಲ ಮುಟ್ಟಿ ನೋಡದೆ ಮನೆ ಬಿಡದ ಕಾರಣ 'ಸೇಫ್ಟಿ' ಎನಿಸಿಕೊಂಡವನು; ಟೈಲರ್; ಮತ್ತು ಅರ್ಜಿದಾರನಾದ ನಾನು. ಸದರಿ ಟೈಲರನ ಹೆಂಡತಿ, ಅಂದರೆ ನಮ್ಮ ಅತ್ತಿಗೆ, ತೀರಿಕೊಂಡು ಹದಿನಾಲ್ಕು ತಿಂಗಳಾಗಿತ್ತು. ಅವನ ಮಗಳು ನನ್ನ ಹತ್ತಿರ ಬಂದು, "ಮಾಮ, ಅಪ್ಪ ಮೆಷೀನ್ ಮೇಲೆ ಬಟ್ಟೆ ಮುಚ್ಚಿಬಿಟ್ಟಿದಾರೆ. ಮಾತೇ ಇಲ್ಲ. ಎಲ್ಲಾದ್ರೂ ಕರ್ಕೊಂಡು ಹೋಗಿ" ಅಂದಳು. ಆದ್ದರಿಂದ ಹೊರದೇಶಕ್ಕೆ ಹೊರಟೆವು. ಸುತ್ತಾಡಲು ಮೋಟರ್‌ಹೋಮ್ ಎಂಬ, ಒಲೆ, ಹಾಸಿಗೆ, ಕಕ್ಕಸು ಸಮೇತ ಓಡುವ ವಾಹನವನ್ನು (ಮುಂದೆ 'ಸದರಿ ಗಾಡಿ') ಹಿಡಿದೆವು.

2. ಹನ್ನೆರಡು ದಿನ ಸುಖವಾಗಿ ಕಳೆದವು. ನಮ್ಮದಲ್ಲದ ಬದಿಯಲ್ಲಿ ಓಡಿಸಬೇಕಾದ್ದರಿಂದ ಡ್ರೈವರ್ ಪ್ರತಿ ತಿರುವಿನಲ್ಲೂ ಒಂದು ದೇವರನ್ನು ಕರೆಯುತ್ತಿದ್ದ. ತಿರುವುಗಳು ಜಾಸ್ತಿಯಾದ ಕಾರಣ ಕೆಲವು ದೇವರಿಗೆ ಎರಡೆರಡು ಸಲ ಬರಬೇಕಾಯಿತು. ಊಟದ ತಟ್ಟೆಗಳು ಏರಿನಲ್ಲಿ ನನ್ನ ಕಡೆಗೂ ಇಳಿಜಾರಿನಲ್ಲಿ ಸೇಫ್ಟಿಯ ಕಡೆಗೂ ಜಾರುತ್ತಿದ್ದವು. ಟೈಲರ್ ಮಾತ್ರ ಮೇಲಿನ ಹಾಸಿಗೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದ. "ಊಟ?" ಅಂದರೆ "ಹೂಂ." "ಕೆರೆ ನೋಡೋ, ಎಷ್ಟು ಚೆನ್ನಾಗಿದೆ" ಅಂದರೂ "ಹೂಂ."

3. ಹದಿಮೂರನೆಯ ದಿನ ಬೆಳಿಗ್ಗೆ ಒಂದು ಪೆಟ್ರೋಲ್ ಬಂಕಿನಲ್ಲಿ ನಿಂತು ಹೊರಟೆವು. ಹೊರಡುವ ಮುನ್ನ ಸೇಫ್ಟಿ ಗ್ಯಾಸು, ನೀರಿನ ಮುಚ್ಚಳ, ಬೀರುವಿನ ಚಿಲಕ, ಮಡಚುವ ಮೆಟ್ಟಿಲು ಎಲ್ಲವನ್ನೂ ಪರಿಶೀಲಿಸಿದ. ತಲೆ ಎಣಿಸುವುದು ನನ್ನ ಪಾಲಿನ ಕೆಲಸ. ಊರಿನ ಅಷ್ಟೂ ಮೀಟರು ಓದಿದವನಿಗೆ ನಾಲ್ಕು ತಲೆ ಎಣಿಸಲು ಆಗಲಿಲ್ಲ. ತಪ್ಪೊಪ್ಪಿಕೊಂಡಿದ್ದೇನೆ.

4. ಎಂಬತ್ತಾರು ಕಿಲೋಮೀಟರು ಹೋದ ಮೇಲೆ ಟೀಗೆ ನಿಲ್ಲಿಸಿದೆವು. ನಾಲ್ಕು ಲೋಟಕ್ಕೆ ಹಾಕಿ, "ಏಳೋ, ಆರಿಹೋಗತ್ತೆ" ಎಂದು ಸೇಫ್ಟಿ ಮೇಲಿನ ಹಾಸಿಗೆಯ ಕಂಬಳಿ ಎಳೆದ. ಒಳಗೆ ಎರಡು ದಿಂಬು, ಟೈಲರನ ಫೋನು.

"ಕೊನೇ ಸಲ ಅವನನ್ನ ಮಾತಾಡಿಸಿದ್ದು ಯಾರು?" ಅಂದ ಡ್ರೈವರ್.

ನಾನು ಸೇಫ್ಟಿಯನ್ನು ನೋಡಿದೆ. ಸೇಫ್ಟಿ ದಿಂಬಿನ ಕೆಳಗೆ ಇನ್ನೊಮ್ಮೆ ನೋಡಿದ.

5. ಅಂದು ಬೆಳಿಗ್ಗೆಯಿಂದ ಯಾರೂ ಮಾತಾಡಿಸಿರಲಿಲ್ಲ. ಹೇಗೂ "ಹೂಂ" ಎನ್ನುತ್ತಾನಲ್ಲ ಎಂದು, ಕೇಳುವುದನ್ನೇ ಬಿಟ್ಟಿದ್ದೆವು.

6. ಆ ಹೆದ್ದಾರಿಯಲ್ಲಿ ಗಾಡಿ ತಿರುಗಿಸಲು ಇನ್ನೂ ಹದಿನಾಲ್ಕು ಕಿಲೋಮೀಟರು ಮುಂದೆ ಹೋಗಬೇಕಿತ್ತು. ಆ ದೇಶದಲ್ಲಿ ಯಾರೂ ಹಾರ್ನ್ ಹೊಡೆಯುವುದಿಲ್ಲ. ಡ್ರೈವರ್ ಬಂಕಿನವರೆಗೂ ಹೊಡೆದ. ಸೇಫ್ಟಿ, "ಅವನು ಬೇಕಂತಲೇ ಇಳಿದುಬಿಟ್ಟಿದ್ರೆ?" ಎಂದು ಒಂದೇ ಸಲ ಕೇಳಿದ, ನಾವಿಬ್ಬರೂ ಅವನನ್ನು ಬೈದೆವು. ಅದೇ ಯೋಚನೆ ನಮ್ಮ ತಲೆಯಲ್ಲೂ ಇದ್ದ ಕಾರಣ ಸ್ವಲ್ಪ ಜೋರಾಗಿಯೇ ಬೈದೆವು.

7. ಬಂಕಿನ ಕೌಂಟರಿನ ಹೆಂಗಸಿಗೆ ನಮ್ಮ ಭಾಷೆ ಬಾರದು. ನಾನು ಕುರ್ಚಿಯ ಮೇಲೆ ಕೂತು ಹೊಲಿಗೆ ಮೆಷೀನು ತುಳಿಯುವಂತೆ ಮಾಡಿ ತೋರಿಸಿದೆ. ಆಕೆ ನಕ್ಕು ಹಿತ್ತಲ ಕಡೆ ಕೈ ತೋರಿಸಿದಳು.

ಅಲ್ಲಿ ಒಂದು ಲಾರಿ. ಅದರ ಹರಿದ ಟಾರ್ಪಾಲನ್ನು ನೆಲಕ್ಕೆ ಹಾಸಿ, ನಡುವೆ ಚಕ್ಕಳಮಕ್ಕಳ ಹಾಕಿ ಕೂತ ಟೈಲರ್ ದಬ್ಬಳದಲ್ಲಿ ಹೊಲಿಯುತ್ತಿದ್ದ. ಎದುರಿಗೆ ಅಂಚು ಹಿಡಿದು ಕೂತ ದಢೂತಿ ಲಾರಿಯವನು ತಲೆಯಾಡಿಸುತ್ತಿದ್ದ. ಟೈಲರ್ ಮಾತಾಡುತ್ತಿದ್ದ. ಮಾನ್ಯರೇ, ಶುದ್ಧ ಕನ್ನಡದಲ್ಲಿ.

"...ಗುಂಡಿ ಕಾಜಾ ಎಲ್ಲಾ ನನ್ನ ಹೆಂಡತೀದೇ ಕಣಯ್ಯ. ಜನ ನನ್ನನ್ನ ಹೊಗಳೋರು. ಇವಳು ಒಳಗಿಂದ ನಗೋಳು..."

ನಮ್ಮನ್ನು ಕಂಡು, "ಬಂದ್ರಾ? ಆ ತುದಿ ಹಿಡ್ಕೊಳ್ಳಿ. ಎಳೀಬೇಡಿ" ಅಂದ.

ನಾನು ತುದಿ ಹಿಡಿದುಕೊಂಡೆ. "ಬಿಟ್ಟು ಹೋಗಿಬಿಟ್ವಲ್ಲೋ. ಬೈಯೋದಾದ್ರೆ ಬೈದುಬಿಡು."

"ಬಿಟ್ಟು ಹೋಗಿದ್ರಾ?" ಅವನು ದಬ್ಬಳ ನಿಲ್ಲಿಸಿದ. "ಯಾವಾಗ?"

8. ವಿಚಾರಣೆಯಿಂದ ತಿಳಿದುಬಂದಿದ್ದೇನೆಂದರೆ: ಮುಖ ತೊಳೆಯಲು ಇಳಿದವನು, ಲಾರಿಯವನು ದಬ್ಬಳ ಹಿಡಿದ ರೀತಿಯನ್ನು ನೋಡಲಾರದೆ ಕಿತ್ತುಕೊಂಡಿದ್ದ. ಲಾರಿಗೆ ಹೊದಿಕೆಯಿಲ್ಲದೆ ಹೊರಡುವಂತಿರಲಿಲ್ಲ. ಮಾರನೆಯ ದಿನ ಮಧ್ಯಾಹ್ನ ನಮ್ಮ ವಿಮಾನವಿದೆಯೆಂದು ಸೇಫ್ಟಿ ನೆನಪಿಸಿದ್ದಕ್ಕೆ, "ಅರ್ಧಕ್ಕೆ ಬಿಟ್ರೆ ಬಿಚ್ಕೊಳ್ಳತ್ತೆ. ನೀವು ಹೊರಡಿ" ಅಂದ. ಅವನನ್ನು ಒಂದು ಸಲ ಬಿಟ್ಟು ಹೋದದ್ದೇ ಸಾಕಾಗಿತ್ತು. ಕಾರಣ, ಮೂವರೂ ಅಂಚು ಹಿಡಿದು ಕೂತೆವು.

9. ಸಂಜೆ ಸದರಿ ಗಾಡಿಯ ಮೆಟ್ಟಿಲ ಮೇಲೆ ಕೂತಾಗ ನಾನೇ ಕೇಳಿದೆ: "ನಮ್ಮ ಹತ್ರ ಹೇಳದ್ದನ್ನ ಆ ಲಾರಿಯವನ ಹತ್ರ ಹೇಳಿದ್ಯಲ್ಲೋ?"

"ನೀವೆಲ್ಲ ಬಂದಾಗ ಧೈರ್ಯ ತಗೋ, ಧೈರ್ಯ ತಗೋ ಅಂದ್ರಿ. ತಗೊಂಡೆ. ಅವಳ ಮಾತು ತೆಗೆದ್ರೆ ಸಾಕು, ಬೇರೆ ವಿಷಯಕ್ಕೆ ಹಾರ್ತಿದ್ರಿ. ಪಾಪ, ಅವನಿಗೆ ಭಾಷೆ ಬರಲ್ಲ. ಹಾರೋಕೆ ಎಲ್ಲಿಗೆ ಹೋಗ್ತಾನೆ?"

ಸೇಫ್ಟಿ ಎದ್ದು ಒಳಗೆ ಹೋಗಿ ಗ್ಯಾಸಿನ ಗುಂಡಿ ಮುಟ್ಟಿ ಬಂದ. ಒಲೆ ಹಚ್ಚಿಯೇ ಇರಲಿಲ್ಲ. ಆಮೇಲೆ ನಾವು, "ಅತ್ತಿಗೆ ಕಾಜಾ ಕಲಿತದ್ದು ಎಲ್ಲಿ?" ಎಂದು ಕೇಳಿದೆವು. ಅವನು ಹೇಳಿದ. ತುಂಬ ಹೊತ್ತು ಹೇಳಿದ.

10. ಮಾರನೆಯ ಮಧ್ಯಾಹ್ನ ಟಾರ್ಪಾಲು ಮುಗಿಯುವಾಗ ನಮ್ಮ ವಿಮಾನ ತಲೆಯ ಮೇಲೆಯೇ ಹಾರಿಹೋಯಿತು ಎಂದು ಡ್ರೈವರ್ ವಾದಿಸುತ್ತಾನೆ, ಪುರಾವೆಯಿಲ್ಲ. ನಾಲ್ಕು ಸೀಟು ಒಟ್ಟಿಗೆ ಸಿಕ್ಕಿದ್ದು ಮೂರು ದಿನದ ನಂತರ.

ಈ ಮೂರು ದಿನಗಳಲ್ಲಿ ನನಗೆ ಕಾಯಿಲೆಯಿರಲಿಲ್ಲವಾದ್ದರಿಂದ ವೈದ್ಯಕೀಯ ರಜೆ ಬಾರದು. ಮೊದಲೇ ತಿಳಿಸಿರಲಿಲ್ಲವಾದ್ದರಿಂದ ಸಾಂದರ್ಭಿಕ ರಜೆಯೂ ಬಾರದು. ಆದರೂ ಸಂದರ್ಭವಂತೂ ಇತ್ತು. ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ, ನನ್ನ ಗಳಿಕೆ ರಜೆಯಲ್ಲಿ ಮುರಿದುಕೊಂಡು ಸಕ್ರಮಗೊಳಿಸಬೇಕಾಗಿ ಪ್ರಾರ್ಥನೆ.

ಮೂರು ದಿನ ತಡವಾದರೂ ಎಂದಿನಂತೆ
ತಮ್ಮ ವಿಶ್ವಾಸಿ,
(ಸಹಿ)

ಲಗತ್ತುಗಳು:
ಅ) ಹತ್ತದೆ ಉಳಿದ ವಿಮಾನದ ಟಿಕೆಟ್ಟು.
ಆ) ಹೊಲಿಗೆ ಸಹಿತ ಟಾರ್ಪಾಲಿನ ತುಂಡು. ಎಳೆದು ನೋಡಬಹುದು.
ಇ) ಸಾಕ್ಷಿ: ಟೈಲರ್. ಖುದ್ದಾಗಿ ಬಂದು ಹೊರಗಿನ ಬೆಂಚಿನ ಮೇಲೆ ಕೂತಿದ್ದಾನೆ. ಅರ್ಧ ದಿನ ಬಿಡುವು ಮಾಡಿಕೊಂಡು ಒಳಗೆ ಕರೆಯಬೇಕಾಗಿಯೂ, ಅವನು ಹೇಳುವಾಗ ನಡುವೆ ಬಾಯಿ ಹಾಕಬಾರದಾಗಿಯೂ ವಿನಂತಿ.